ಕಾಯರ್ಕ್ರಮವನ್ನು ಕಾರ್ಯಕ್ರಮ ಮಾಡಿದವರು ಹೊರಗಿನವರೇ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಬೆಂಗಳೂರಿನವರೊಬ್ಬರು ಬರೆದಿದ್ದರು. ಓಪನ್ ಸೋರ್ಸ್ ಸಾಫ್ಟ್‌ವೇರ್ (ಕೋಡನ್ನು ಎಲ್ಲರೂ ಓದುವಂತೆ ತೆರೆದಿಟ್ಟದ್ದು) ಅಂದರೆ ಬಾಗಿಲಿಲ್ಲದ ಮನೆ, ಯಾರು ಬೇಕಾದರೂ ಒಳಗೆ ನುಗ್ಗಿ ಕೋಡ್ ಬದಲಾಯಿಸಬಹುದು, ಅಂಥದ್ದನ್ನು ಸರ್ಕಾರಿ ಕಚೇರಿಗಳಲ್ಲಿ ಇಡಬಾರದು ಅಂತ. ಓದಿ ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ. ಅಂಥ ಒಂದು ಸಣ್ಣ ಮನೆಯನ್ನು ನಾನು ಹದಿಮೂರು ವರ್ಷದಿಂದ ನೋಡಿಕೊಂಡು ಬಂದಿದ್ದೇನೆ. ಅದಕ್ಕೆ ಬಾಗಿಲಿದೆ. ಬಾಗಿಲ ಬಳಿ ಕೂರುವವಳು ನಾನೇ. ಪತ್ರ ಉದ್ದ ಆಗಿದೆ, ಕ್ಷಮಿಸಿ. ಜಾಗ ಸಾಲದೆ ಕತ್ತರಿ ಹಾಕುವುದಾದರೆ ದಯವಿಟ್ಟು ಕೊನೆಯಿಂದ ಹಾಕಬೇಡಿ.

ನಾನು ಗದಗಿನವಳು. ನಮ್ಮೂರನ್ನು ಮುದ್ರಣ ಕಾಶಿ ಅನ್ನುತ್ತಾರೆ, ಹಿರಿಯ ಓದುಗರಿಗೆ ಗೊತ್ತಿರುತ್ತದೆ. ಅಪ್ಪನದೊಂದು ಪ್ರೆಸ್ ಇತ್ತು. ಲಗ್ನಪತ್ರಿಕೆ, ಪಾವತಿ ಪುಸ್ತಕ, ಜಾತ್ರೆಯ ಕರಪತ್ರ, ಯಾವಾಗಲಾದರೊಮ್ಮೆ ಯಾರೋ ಮಾಸ್ತರರ ಕವನ ಸಂಕಲನ. ಮೊಳೆ ಜೋಡಿಸುವ ಕಾಲ ಮುಗಿದ ಮೇಲೆ ಕಂಪ್ಯೂಟರ್ ಬಂತು, ಪೇಜ್‌ಮೇಕರ್ ಬಂತು, ನುಡಿ ಫಾಂಟ್ ಬಂತು. ಹತ್ತು ಹದಿನೈದು ವರ್ಷದ ಕೆಲಸವೆಲ್ಲ ಆ ಫೈಲುಗಳಲ್ಲೇ ಕೂತಿತು.

ಆ ಹಳೆಯ ಫಾಂಟುಗಳದೊಂದು ಗುಟ್ಟು ಇದೆ. ತೆರೆಯ ಮೇಲೆ 'ಕ' ಕಾಣುತ್ತಿತ್ತು ನಿಜ, ಆದರೆ ಅದು ಕನ್ನಡ ಅಂತ ಕಂಪ್ಯೂಟರಿಗೆ ಗೊತ್ತೇ ಇರಲಿಲ್ಲ. ಫೈಲಿನ ಒಳಗೆ ಇದ್ದದ್ದು ಇಂಗ್ಲಿಷಿನ ಪಿ ಅಕ್ಷರ, ಅದರ ಪಕ್ಕ ತಲೆ ಮೇಲೊಂದು ಗೀಟು ಎಳೆದ ಎ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪುಟದ ತುಂಬ ಬರೀ ಕಾಗೆ ಕಾಲು ಗುಬ್ಬಿ ಕಾಲು. 2012ರಲ್ಲಿ ಒಬ್ಬ ನಿವೃತ್ತ ಮಾಸ್ತರರು ನಮ್ಮಲ್ಲೇ ಹಿಂದೆ ಅಚ್ಚು ಹಾಕಿಸಿದ್ದ ಪುಸ್ತಕವನ್ನು, ಯಾವ ಕಂಪ್ಯೂಟರಿಗೂ ಕನ್ನಡ ಅಂತಲೇ ತಿಳಿಯುವ ಯುನಿಕೋಡ್‌ನಲ್ಲಿ ಕೇಳಿಕೊಂಡು ಬಂದರು. ನಾನಾಗ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತಿದ್ದೆ, ಈಗಲೂ ಮಾಡುತ್ತೇನೆ. ದಸರಾ ರಜೆಯಲ್ಲಿ ಕೂತು ಪೈಥಾನ್‌ನಲ್ಲಿ ಇನ್ನೂರು ಸಾಲಿನ ಒಂದು ಪ್ರೋಗ್ರಾಮ್ ಬರೆದೆ. ಆ ಪಿ, ಎ ಜೋಡಿ ಕಂಡಲ್ಲಿ ಕ ಹಾಕುವುದು, ಇಂಥದ್ದು ಕಂಡಲ್ಲಿ ಇಂಥದ್ದು. ಮಾಸ್ತರರ ಪುಸ್ತಕ ಆಯಿತು. ಬೇರೆಯವರಿಗೂ ಆಗಲಿ ಅಂತ ಕೋಡನ್ನು, ಎಲ್ಲರೂ ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ನಲ್ಲಿ ಹಾಕಿದೆ.

ಈಗ ನಿಮ್ಮ ಓದುಗರಿಗೆ ಚೆನ್ನಾಗಿ ಗೊತ್ತಿರುವ ಒಂದು ಕಾಯಿಲೆಗೆ ಬರುತ್ತೇನೆ. ಅಂತರ್ಜಾಲದ ಸುದ್ದಿಗಳಲ್ಲಿ 'ಕಾಯರ್ಕ್ರಮ' ಅಂತ ನೋಡಿದ್ದೀರಲ್ವಾ? 'ಆಚಾಯರ್', 'ಸೌಂದಯರ್'? ಅದು ಬರೆದವರ ತಪ್ಪಲ್ಲ, ಅರ್ಕಾವತ್ತಿನ ಕಿತಾಪತಿ. ಅರ್ಕಾವತ್ತನ್ನು ನಾವು ಬರೆಯುವುದು ಅಕ್ಷರ ಆದ ಮೇಲೆ, ಉಚ್ಚರಿಸುವುದು ಅಕ್ಷರಕ್ಕಿಂತ ಮೊದಲು. ಹಳೆಯ ಫಾಂಟುಗಳು ಕಣ್ಣಿಗೆ ಕಂಡ ಸಾಲಿನಲ್ಲಿ ಇಟ್ಟುಕೊಳ್ಳುತ್ತಿದ್ದವು. ಯುನಿಕೋಡ್ ಬಾಯಲ್ಲಿ ಹೇಳುವ ಸಾಲಿನಲ್ಲಿ ಇಡುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಆ 'ರ್' ಅನ್ನು ಎತ್ತಿ ಒಂದು ಅಕ್ಷರ ಹಿಂದಕ್ಕೆ ಇಡಬೇಕು. ಮರೆತರೆ ಕಾರ್ಯಕ್ರಮ ಕಾಯರ್ಕ್ರಮ ಆಗುತ್ತದೆ.

ನಾನು ಮರೆತಿರಲಿಲ್ಲ. ಒಂದು ಅಕ್ಷರ ಹಿಂದಕ್ಕೆ ಇಟ್ಟಿದ್ದೆ, ಬಹಳ ಹೆಮ್ಮೆಯಿಂದ. ಹೀಗೇ ಒಂದು ವರ್ಷ ಕಳೆಯಿತು. ಒಂದು ದಿನ ವಿಜಯಪುರದಿಂದ ಒಬ್ಬ ಡಿಟಿಪಿ ಆಪರೇಟರ್ ಫೋನ್ ಮಾಡಿದರು. "ಅಕ್ಕಾರ, ನಿಮ್ಮ ಪ್ರೋಗ್ರಾಮ್‌ದಾಗ ಸಾಮರ್ಥ್ಯ ಹೋಗಿ ಸಾಮಥ್ರ್ಯ ಆಗಾಕತ್ತೈತ್ರಿ. ಕಾರ್ಯಕ್ರಮ ಬರಾಬರಿ ಬರತೈತಿ. ಒತ್ತಕ್ಷರ ಇದ್ದಲ್ಲೆ ಅಷ್ಟ ಗೊಂದಲ ಆಗತೈತಿ."

ಅವರಿಗೆ ಕೋಡ್ ಬರುತ್ತಿರಲಿಲ್ಲ. ಆದರೆ ಕಾಯಿಲೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿಬಿಟ್ಟರು. 'ಥ್ಯ'ದಲ್ಲಿ ಇರುವುದು ಎರಡು ವ್ಯಂಜನ. ನನ್ನ ಪ್ರೋಗ್ರಾಮ್ 'ಯ' ನೋಡಿ, ಅದರ ಹಿಂದೆ 'ರ್' ತೂರಿಸಿ, ಕೆಲಸ ಮುಗಿಯಿತು ಅಂತ ಕೈತೊಳೆದುಕೊಳ್ಳುತ್ತಿತ್ತು. ಅದು 'ಥ'ವನ್ನೂ ದಾಟಿ ಹೋಗಬೇಕಿತ್ತು.

ಫೋನಿನಲ್ಲಿ ಕೇಳಿದ್ದನ್ನು ಗಿಟ್‌ಹಬ್‌ನಲ್ಲಿ ಬರೆದಿಟ್ಟೆ. ಹತ್ತು ದಿನದಲ್ಲಿ ಎರಡು ತಿದ್ದುಪಡಿ ಬಂದವು. ಎರಡನ್ನೂ ಕಳಿಸಿದವರು ನನಗೆ ಮುಖಪರಿಚಯ ಇಲ್ಲದ ಹೊರಗಿನವರೇ.

ಮೊದಲನೆಯದು ಒಬ್ಬ ವಿದ್ಯಾರ್ಥಿಯದು. ಒಂದೇ ಸಾಲು. ಯಾವ ಅಕ್ಷರಕ್ಕಾದರೂ ರ-ಒತ್ತು, ಅದರ ಕೆಳಗೆ ಯ-ಒತ್ತು ಕಂಡರೆ ಆ ರ-ಒತ್ತನ್ನು ಕಿತ್ತು ಅರ್ಕಾವತ್ತು ಮಾಡು ಅಂತ. ಓಡಿಸಿ ನೋಡಿದೆ. ಸಾಮಥ್ರ್ಯ ಸಾಮರ್ಥ್ಯ ಆಯಿತು. ಎಷ್ಟು ಸಲೀಸು ಅಂತ ಖುಷಿಪಟ್ಟು ಇನ್ನೇನು ಸೇರಿಸಿಕೊಳ್ಳುವ ಮರ್ಜ್ ಗುಂಡಿ ಒತ್ತಬೇಕು, ಅಷ್ಟರಲ್ಲಿ ಅಪ್ಪನ ಹಳೆಯ ಫೈಲೊಂದರ ಮೇಲೂ ಓಡಿಸೋಣ ಅನ್ನಿಸಿತು. ಅದು ಆಗಸ್ಟ್ 15ರ ಒಂದು ಆಮಂತ್ರಣ ಪತ್ರಿಕೆ. 'ಸ್ವಾತಂರ್ತ್ಯ ದಿನಾಚರಣೆ' ಅಂತ ಬಂತು. ಸ್ವಾತಂತ್ರ್ಯದಲ್ಲಿ ಅರ್ಕಾವತ್ತೇ ಇಲ್ಲ, ಅಲ್ಲಿ ರ-ಒತ್ತು ಇರಬೇಕಾದ್ದೇ. ಚಾರಿತ್ರ್ಯವೂ ಕೆಟ್ಟಿತ್ತು. ದಾರಿದ್ರ್ಯವೂ ಕೆಟ್ಟಿತ್ತು. ದಾರಿದ್ರ್ಯ ಹೋದರೆ ಹೋಗಲಿ ಅಂತ ಒಬ್ಬಳೇ ನಕ್ಕೆ, ಆದರೆ ಸ್ವಾತಂತ್ರ್ಯವೂ ಜೊತೆಗೆ ಹೋಗಿತ್ತಲ್ಲ.

ಎರಡನೆಯದು ಹಾಸನದ ಕಡೆಯ, ಜರ್ಮನಿಯಲ್ಲಿ ಕೆಲಸದಲ್ಲಿದ್ದ ಹುಡುಗನದು. ಬದಲಾದದ್ದು ಎರಡು ಸಾಲು. ಅರ್ಕಾವತ್ತು ಸಿಕ್ಕಾಗ, ಹಿಂದೆ ಒತ್ತು ಇರುವಷ್ಟು ದೂರವೂ ಹಿಂದಕ್ಕೆ ಹೋಗುತ್ತಿರು, ಒತ್ತು ಮುಗಿದ ಮೇಲೆ ನಿಲ್ಲು. ಜೊತೆಗೆ ಹದಿನಾಲ್ಕು ಪದಗಳ ಒಂದು ಪಟ್ಟಿ ಇಟ್ಟಿದ್ದ. ಅರ್ಘ್ಯ, ಈರ್ಷ್ಯೆ, ನಿರ್ದೇಶಕ, ವರ್ತ್ಸ್ಯ, ಹೀಗೆ. ಪಟ್ಟಿಯ ಕೊನೆಗೆ ಸ್ವಾತಂತ್ರ್ಯ, ಪಕ್ಕದಲ್ಲಿ 'ಇದು ಬದಲಾಗಬಾರದು' ಅನ್ನುವ ಟಿಪ್ಪಣಿ. ಆ ಟಿಪ್ಪಣಿ ನೋಡಿದಾಗಲೇ ಈ ಹುಡುಗನನ್ನು ನಂಬಬಹುದು ಅನ್ನಿಸಿತು. ಅದನ್ನು ತೆಗೆದುಕೊಂಡೆ. ಆದರೂ ಆ ಎರಡು ಸಾಲು ಪರೀಕ್ಷಿಸಲು ನನಗೆ ಮೂರು ಸಂಜೆ ಹಿಡಿಯಿತು.

ಬೆಂಗಳೂರಿನ ಓದುಗರು ಗಮನಿಸಬೇಕಾದದ್ದು ಇದನ್ನೇ. ಹೊರಗಿನವರು ಯಾರೂ ನನ್ನ ಪ್ರೋಗ್ರಾಮನ್ನು ನೇರವಾಗಿ ಮುಟ್ಟಲಿಲ್ಲ. ಅವರು ಮಾಡಿದ್ದು 'ಹೀಗೆ ಬದಲಾಯಿಸಿದರೆ ಸರಿ ಹೋಗಬಹುದು, ನೋಡಿ' ಅಂತ ಒಂದು ಪ್ರತಿ ಕಳಿಸಿದ್ದು. ಇದಕ್ಕೆ ಪುಲ್ ರಿಕ್ವೆಸ್ಟ್ ಅನ್ನುತ್ತಾರೆ. ತೆಗೆದುಕೊಳ್ಳುವುದು ಬಿಡುವುದು ನನ್ನ ಕೈಯಲ್ಲಿ. ಅಪ್ಪನ ಪ್ರೆಸ್ಸಿನಲ್ಲೂ ಇದೇ ನಡೆಯುತ್ತಿತ್ತು. ಲಗ್ನಪತ್ರಿಕೆಯ ಪ್ರೂಫ್ ಬಂತು ಅಂದರೆ ಯಾರು ಬೇಕಾದರೂ ನೋಡುತ್ತಿದ್ದರು. ಒಮ್ಮೆ ಗಿರಾಕಿಯ ಜೊತೆ ಬಂದಿದ್ದ ಐದನೇ ಕ್ಲಾಸಿನ ಹುಡುಗಿ, ವರನ ಅಜ್ಜನ ಹೆಸರು ವಧುವಿನ ಕಡೆ ಕೂತಿದೆ ಅಂತ ಹಿಡಿದುಬಿಟ್ಟಳು. ಆದರೆ ಮಷಿನ್ನಿಗೆ ಹೋಗುವ ಮೊದಲು ಪ್ರಿಂಟ್ ಆರ್ಡರ್‌ಗೆ ಸಹಿ ಹಾಕುವವರು ಅಪ್ಪ ಒಬ್ಬರೇ. ಹುಡುಗಿ ಹೇಳಿದಳು ಅಂತ ಹಾಗೇ ಬದಲಾಯಿಸಲಿಲ್ಲ. ಹುಡುಗಿ ಅಂತ ಓಡಿಸಲೂ ಇಲ್ಲ. ಎರಡೂ ಮನೆಯವರನ್ನು ಕೇಳಿ ಬದಲಾಯಿಸಿದರು.

ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ನಡೆಯುವುದೂ ಹೀಗೇ, ಪ್ರೆಸ್ ಮಾತ್ರ ಭಾರಿ ದೊಡ್ಡದು. 1991ರಲ್ಲಿ ಫಿನ್‌ಲೆಂಡ್‌ನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು, ಇವತ್ತು ಎಲ್ಲ ಆಂಡ್ರಾಯ್ಡ್ ಫೋನಿನ ಒಳಗೂ ಇದೆ. ತಿದ್ದುಪಡಿಗಳು ಇಮೇಲ್‌ನಲ್ಲಿ ಬರುತ್ತವೆ. ಯಾವ ಭಾಗಕ್ಕೆ ಯಾರು ಹೊಣೆ ಅಂತ ಪಟ್ಟಿ ಇದೆ. ಅವರು ಓದಿ ಸಹಿ ಮಾಡಿದ ಮೇಲೆ ಮುಂದಕ್ಕೆ. ಹೀಗೆ ಬರುವ ತಿದ್ದುಪಡಿಗಳನ್ನು ಸಂಭಾಳಿಸಲಿಕ್ಕೇ 2005ರಲ್ಲಿ ಟೊರ್ವಾಲ್ಡ್ಸ್ ಗಿಟ್ ಅನ್ನುವುದನ್ನು ಬರೆದದ್ದು. ಬೆಂಗಳೂರಿನ ಓದುಗರು ತಮ್ಮ ಪತ್ರವನ್ನು ಆಂಡ್ರಾಯ್ಡ್ ಫೋನಿನಲ್ಲಿ ಟೈಪ್ ಮಾಡಿದ್ದರೆ, ಅವರ ಒತ್ತಕ್ಷರಗಳನ್ನು ಅಕ್ಷರದ ಕೆಳಗೆ ಸರಿಯಾಗಿ ಕೂರಿಸಿದ್ದು ಹಾರ್ಫ್‌ಬಜ್ ಅನ್ನುವ ಇನ್ನೊಂದು ಓಪನ್ ಸೋರ್ಸ್ ಸಾಫ್ಟ್‌ವೇರ್. ಇರಲಿ ಬಿಡಿ, ಚುಚ್ಚಲು ಹೇಳಿದ್ದಲ್ಲ.

ಆದರೆ ಅವರ ಭಯ ಪೂರ್ತಿ ಸುಳ್ಳೂ ಅಲ್ಲ. ನಾನೇ ಒಮ್ಮೆ ಬಾಗಿಲು ಹಾಕಿದವಳು.

ಒಂದು ವರ್ಷ ಇದ್ದಕ್ಕಿದ್ದಂತೆ ಪುಲ್ ರಿಕ್ವೆಸ್ಟ್‌ಗಳು ಮಳೆಯಂತೆ ಬಂದವು. ಒಂದೇ ವಾರದಲ್ಲಿ ಮೂವತ್ತಕ್ಕೂ ಜಾಸ್ತಿ. ಒಂದರಲ್ಲಿ ವಿವರಣೆ ಪುಟದಲ್ಲಿದ್ದ 'ಪ್ರೋಗ್ರಾಮ್' ಅನ್ನುವುದನ್ನು 'ಅದ್ಭುತ ಪ್ರೋಗ್ರಾಮ್' ಮಾಡಿದ್ದರು. ಇನ್ನೊಂದರಲ್ಲಿ ಒಂದು ಖಾಲಿ ಸಾಲು ಸೇರಿಸಿದ್ದರು. ಮತ್ತೊಂದರಲ್ಲಿ ತಮ್ಮ ಹೆಸರು, ರೋಲ್ ನಂಬರ್. ರೋಲ್ ನಂಬರ್ ನೋಡಿದ ಮೇಲೆ ವಿಷಯ ತಿಳಿಯಿತು. ಒಂದು ಕಾಲೇಜಿನಲ್ಲಿ ಓಪನ್ ಸೋರ್ಸ್‌ಗೆ ಒಂದು ಕೊಡುಗೆ ಕೊಟ್ಟವರಿಗೆ ಇಂಟರ್ನಲ್ ಮಾರ್ಕ್ಸ್ ಅಂತ ಹೇಳಿದ್ದರಂತೆ. ನಾನೂ ಮಾರ್ಕ್ಸ್ ಹಾಕುವವಳೇ, ಯಾವುದಕ್ಕೆ ಮಾರ್ಕ್ಸ್ ಇಡುತ್ತೇವೋ ಹುಡುಗರು ಅದನ್ನೇ ಮಾಡುತ್ತಾರೆ ಅಂತ ಗೊತ್ತು. ಅವರ ಮೇಲೆ ಸಿಟ್ಟಿಲ್ಲ. ಆದರೆ ಪ್ರತಿಯೊಂದನ್ನೂ ತೆರೆದು, ಓದಿ, ಬೇಡ ಅಂತ ಬರೆದು, ಮುಚ್ಚಬೇಕಲ್ಲ. ಆ ಗದ್ದಲದಲ್ಲಿ ಯಾರೋ ಕಳಿಸಿದ್ದ ನಿಜವಾದ ಒಂದು ತಿದ್ದುಪಡಿ ನಾಲ್ಕು ತಿಂಗಳು ನನ್ನ ಕಣ್ಣಿಗೇ ಬೀಳಲಿಲ್ಲ.

ಇದು ನನ್ನೊಬ್ಬಳ ಗೋಳಲ್ಲ. 2020ರ ಅಕ್ಟೋಬರಿನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಅನ್ನುವ ಉತ್ಸವದಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದರೆ ಟಿ-ಶರ್ಟ್ ಅಂತ ಇತ್ತು. ಟಿ-ಶರ್ಟ್ ಆಸೆಗೆ ಜಗತ್ತಿನ ತುಂಬ ಇಂಥದ್ದೇ ಕಸ ಹರಿಯಿತು. ಕೊನೆಗೆ ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಲೆಕ್ಕ ಅಂತ ನಿಯಮವನ್ನೇ ಬದಲಿಸಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಅನ್ನುವ ಹೆಸರಾಂತ ಯೋಜನೆಗೆ ತಮ್ಮ ಹೆಸರು ಸೇರಿಸುವ ಪುಲ್ ರಿಕ್ವೆಸ್ಟ್‌ಗಳ ಸಾಲೇ ಬಂತು. ಕಳಿಸಿದವರಲ್ಲಿ ಹೆಚ್ಚಿನವರು ನಮ್ಮ ದೇಶದ ವಿದ್ಯಾರ್ಥಿಗಳು, ಒಂದು ವಿಡಿಯೊ ಪಾಠ ನೋಡಿ ಅದರಂತೆ ಮಾಡಿದವರು. ಅದನ್ನು ಓದಿದ ದಿನ ಕ್ಲಾಸಿನಲ್ಲಿ ತಲೆ ತಗ್ಗಿಸುವಂತಾಯಿತು.

ನಾನು ಮಾಡಿದ್ದು ಇಷ್ಟೇ. ವಿವರಣೆ ಪುಟದಲ್ಲಿ 'ಹೊರಗಿನ ಕೋಡ್ ತೆಗೆದುಕೊಳ್ಳುವುದಿಲ್ಲ' ಅಂತ ಬರೆದೆ. ಇದಕ್ಕೆ ದೊಡ್ಡವರ ಉದಾಹರಣೆಯೂ ಇತ್ತು. ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ನಿಮ್ಮ ಫೋನಿನಲ್ಲಿ ಇದ್ದೇ ಇದೆ. ರಿಚರ್ಡ್ ಹಿಪ್ ಅವರು 2000ರಲ್ಲಿ ಹೊರತಂದದ್ದು. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ಮಾರಲೂಬಹುದು. ಆದರೆ ಹೊರಗಿನವರ ಕೋಡನ್ನು ಅವರು ಸೇರಿಸಿಕೊಳ್ಳುವುದಿಲ್ಲ. ಕೋಡ್ ತೆರೆದಿದೆ, ಕೊಡುಗೆಗೆ ತೆರೆದಿಲ್ಲ ಅಂತ ಅವರೇ ಸ್ಪಷ್ಟವಾಗಿ ಹೇಳುತ್ತಾರೆ. ಓಪನ್ ಸೋರ್ಸ್ ಅಂದಕೂಡಲೇ ಬಾಗಿಲು ತೆರೆದಿರಲೇಬೇಕು ಅಂತ ಯಾವ ನಿಯಮವೂ ಇಲ್ಲ.

ಬಾಗಿಲು ಹಾಕಿದ ಮೇಲೆ ನೆಮ್ಮದಿ ಇತ್ತು. ಹತ್ತು ತಿಂಗಳು. ಆಮೇಲೆ ವಿಜಯಪುರದವರು ಮತ್ತೆ ಫೋನ್ ಮಾಡಿದರು. "ಅಕ್ಕಾರ, ಪ್ರೋಗ್ರಾಮ್ ಸತ್ತೈತೇನ್ರಿ?" ಅಂತ ಕೇಳಿದರು. ತಪ್ಪುಗಳು ಹಾಗೇ ಬಿದ್ದಿದ್ದವು. ನನ್ನ ಒಬ್ಬಳ ಕೈಯಲ್ಲಿ ಆಗುತ್ತಿರಲಿಲ್ಲ, ಕಳಿಸಬಲ್ಲವರಿಗೆ ನಾನೇ ಬೇಡ ಅಂದಿದ್ದೆ.

ಆಗ ನನಗೆ ದಾರಿ ತೋರಿಸಿದ್ದು ಲೈಟ್‌ಸ್ಟ್ರೀಮ್ ಅನ್ನುವ ಒಂದು ಸಾಫ್ಟ್‌ವೇರ್. ಎಸ್‌ಕ್ಯೂಲೈಟ್‌ನ ಡೇಟಾಬೇಸನ್ನು ಕ್ಷಣಕ್ಷಣವೂ ಬೇರೆಡೆ ನಕಲು ಮಾಡಿಡುವ ಕೆಲಸ ಅದರದು. ಬೆನ್ ಜಾನ್ಸನ್ ಅದರ ಕರ್ತೃ. ಹಿಂದಿನ ಒಂದು ಯೋಜನೆಯಲ್ಲಿ ಹೊರಗಿನವರ ಕೋಡ್ ತೆಗೆದುಕೊಂಡು, ಅದನ್ನು ಸಾಕಿ ಸಾಕಿ ಸುಸ್ತಾಗಿ ಆ ಯೋಜನೆಯನ್ನೇ ನಿಲ್ಲಿಸಿದವರು. ಹಾಗಾಗಿ ಲೈಟ್‌ಸ್ಟ್ರೀಮ್‌ಗೆ ಮೊದಲು ಹೊರಗಿನ ಕೋಡ್ ಬೇಡವೇ ಬೇಡ ಅಂದಿದ್ದರು. ಆಮೇಲೆ ಬಾಗಿಲನ್ನು ಅರ್ಧ ತೆರೆದರು. ತಪ್ಪು ಸರಿಪಡಿಸುವ ಕೋಡ್ ಆದರೆ ಬರಲಿ, ಹೊಸ ಸೌಲಭ್ಯ ಸೇರಿಸುವ ಕೋಡ್ ಬೇಡ.

ಈ ಅರ್ಧ ಬಾಗಿಲು ಎಂಥ ಒಳ್ಳೆಯ ಉಪಾಯ ಅಂತ ಹೊರಗಿನಿಂದ ನೋಡಿದವರಿಗೆ ತಿಳಿಯುವುದಿಲ್ಲ. ಹೊಸ ಸೌಲಭ್ಯ ಕೊಟ್ಟವರು ಕೊಟ್ಟು ಹೋಗುತ್ತಾರೆ, ಅದನ್ನು ವರ್ಷಗಟ್ಟಲೆ ನೋಡಿಕೊಳ್ಳಬೇಕಾದವರು ನಾವು. ಮದುವೆಗೆ ಯಾರೋ ಆಕಳು ಉಡುಗೊರೆ ಕೊಟ್ಟ ಹಾಗೆ, ಮೇವು ನಮ್ಮದೇ. ತಪ್ಪು ತಿದ್ದುವ ಕೋಡ್ ಹಾಗಲ್ಲ. ಅದು ಬಂದರೆ ಕೆಲಸ ಕಡಿಮೆ ಆಗುತ್ತದೆ.

ನಾನೂ ಹಾಗೇ ಮಾಡಿದೆ. ತಿದ್ದುಪಡಿ ಮಾತ್ರ, ಅದೂ ಒಂದು ಷರತ್ತಿನ ಮೇಲೆ. ಕೆಟ್ಟು ಬಂದ ಪದ, ಅದರ ಮೂಲ ಫೈಲಿನ ತುಣುಕು, ಬರಬೇಕಾದ ಪದ, ಈ ಮೂರೂ ಇರಬೇಕು. ಕಸ ನಿಂತೇ ಹೋಯಿತು. ಮೂಲ ಫೈಲಿನ ತುಣುಕು ಹುಡುಕುವಷ್ಟು ತಾಳ್ಮೆ ಇರುವವರು ಖಾಲಿ ಸಾಲು ಕಳಿಸುವುದಿಲ್ಲ.

ಅಲ್ಲೂ ಜಗಳ ಇಲ್ಲ ಅಂತಲ್ಲ. ತಪ್ಪು ಯಾವುದು, ಬರೀ ಇಷ್ಟ ಯಾವುದು ಅನ್ನುವ ಪ್ರಶ್ನೆ ಬರುತ್ತದೆ. ಹಳಬರು ಕೆಲವರು ಸೂರ್ಯನನ್ನು 'ಸೂರ‍್ಯ' ಅಂತ ರ ಬರೆದು ಯ-ಒತ್ತು ಕೊಡುತ್ತಾರೆ. ಅದನ್ನು ಅರ್ಕಾವತ್ತಿಗೆ ತಿರುಗಿಸಬೇಕು, ಇದು ತಪ್ಪು ಅಂತ ಒಬ್ಬರು ತಿದ್ದುಪಡಿ ಕಳಿಸಿದರು. ಮುಟ್ಟಬಾರದು ಅಂತ ಇನ್ನೊಬ್ಬರು ಮೇಲೆ ಬಿದ್ದರು. ಎರಡು ವಾರ ನಡೆಯಿತು. ಅಪ್ಪನನ್ನು ಕೇಳಿದೆ. "ಗಿರಾಕಿ ಹೆಂಗ ಬರದಾನೋ ಹಂಗ ಹಾಕು" ಅಂದರು. ಹಾಗೇ ಇಟ್ಟೆ. ತಿದ್ದುಪಡಿ ಕಳಿಸಿದವರು ನನ್ನ ಜೊತೆ ಮಾತು ಬಿಟ್ಟರು.

ಇನ್ನು ವಿಷ ಬೆರೆಸುವವರ ಮಾತು. ಬೆಂಗಳೂರಿನವರು ಎಕ್ಸ್‌ಜ಼ಡ್ ಪ್ರಕರಣ ಎತ್ತಿದ್ದರು. ಸರಿಯಾಗೇ ಎತ್ತಿದ್ದಾರೆ. ಫೈಲುಗಳನ್ನು ಕುಗ್ಗಿಸುವ ಆ ಸಾಫ್ಟ್‌ವೇರ್‌ಗೆ ಜಿಯಾ ಟಾನ್ ಅನ್ನುವ ಹೆಸರಿನವರೊಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ತಿದ್ದುಪಡಿಗಳನ್ನೇ ಕಳಿಸಿದರು. ನಂಬಿಕೆ ಗಳಿಸಿ, ಬಾಗಿಲ ಕೀಲಿಯನ್ನೇ ಪಡೆದು, 2024ರ ಫೆಬ್ರವರಿಯಲ್ಲಿ ಕಳ್ಳದಾರಿ ಇಟ್ಟರು. ಆದರೆ ಕಥೆಯ ಉಳಿದರ್ಧವನ್ನೂ ಹೇಳಬೇಕಲ್ವಾ? ಆ ಸಾಫ್ಟ್‌ವೇರನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಸಂಬಳ ಇಲ್ಲದೆ, ಆಗಲೇ ದಣಿದಿದ್ದರು. ಬೇಗ ಮಾಡಿ, ಬೇರೆಯವರಿಗೆ ಬಿಟ್ಟುಕೊಡಿ ಅಂತ ಕೆಲವರು ಅವರ ಮೇಲೆ ಒತ್ತಡವನ್ನೂ ಹಾಕಿದ್ದರು. ಆ ಕಳ್ಳದಾರಿಯನ್ನು ಪತ್ತೆ ಹಚ್ಚಿದವರು ಕೂಡ ಹೊರಗಿನವರೇ. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ತಲೆಕೆಡಿಸಿಕೊಂಡು ಕೆದಕಿದರು. ಕೋಡ್ ತೆರೆದಿದ್ದರಿಂದ ಕೆದಕಲು ಸಾಧ್ಯವಾಯಿತು.

ಅದಕ್ಕೂ ಹತ್ತು ವರ್ಷ ಹಿಂದೆ, 2014ರಲ್ಲಿ, ಹಾರ್ಟ್‌ಬ್ಲೀಡ್ ಅನ್ನುವ ಭದ್ರತಾ ತೂತು ಕಂಡಾಗಲೂ ಇದೇ ಕಥೆ. ಅಂತರ್ಜಾಲದ ವ್ಯವಹಾರವನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರ್‌ಗೆ ಹೊರಗಿನ ಒಬ್ಬ ಸಂಶೋಧನಾ ವಿದ್ಯಾರ್ಥಿ ಕಳಿಸಿದ ಕೋಡ್. ಕೆಟ್ಟ ಉದ್ದೇಶ ಇರಲಿಲ್ಲ, ಒಂದು ಅಳತೆ ನೋಡುವುದನ್ನು ಮರೆತಿದ್ದರು. ಓದಿದವರ ಕಣ್ಣಿಗೂ ಬೀಳಲಿಲ್ಲ. ಜಗತ್ತಿನ ಅರ್ಧ ವ್ಯವಹಾರ ಅದರ ಮೇಲೆ ನಿಂತಿತ್ತು, ಓದುವ ಕೈಗಳು ಮಾತ್ರ ಬೆರಳೆಣಿಕೆಯಷ್ಟು. ಎರಡು ವರ್ಷ ಆ ತೂತು ಹಾಗೇ ಇತ್ತು.

ಹಾಗಾಗಿ ನನ್ನ ತಕರಾರು ಹೊರಗಿನವರ ಬಗ್ಗೆ ಅಲ್ಲ. ಓದುವವರ ಬಗ್ಗೆ. ತಿದ್ದುಪಡಿ ಬರೆಯಲು ಅರ್ಧ ಗಂಟೆ ಸಾಕು, ಈಗಂತೂ ಎಐ ಅರ್ಧ ನಿಮಿಷದಲ್ಲಿ ಬರೆದುಕೊಡುತ್ತದೆ. ಓದುವವಳಿಗೆ ಇನ್ನೂ ಮೂರು ಸಂಜೆಯೇ ಬೇಕು. ಕೇಂದ್ರ ಸರ್ಕಾರ 2015ರಲ್ಲೇ ಓಪನ್ ಸೋರ್ಸ್ ಬಳಸಬೇಕು ಅನ್ನುವ ನೀತಿ ತಂದಿದೆ, ಸರ್ಕಾರಿ ಸಾಫ್ಟ್‌ವೇರ್‌ಗಳ ಕೋಡ್ ತೆರೆಯಬೇಕು ಅಂತಲೂ ಅದೇ ವರ್ಷ ಇನ್ನೊಂದು ನೀತಿ ಮಾಡಿದೆ. ಸಂತೋಷ. ಕನ್ನಡದ ಸಾಫ್ಟ್‌ವೇರ್‌ಗಳಿಗೆ ಸಾರ್ವಜನಿಕರ ದುಡ್ಡು ಹಾಕುವಾಗ ಟೆಂಡರಿನಲ್ಲಿ ಒಂದು ಸಾಲು ಸೇರಿಸಲಿ ಅಂತ ನನ್ನ ಬೇಡಿಕೆ: ಬಂದ ತಿದ್ದುಪಡಿ ಓದಲು ಸಂಬಳದ ಒಂದು ಹುದ್ದೆ. ಕೋಡ್ ತೆರೆದಿಟ್ಟು, ತಿದ್ದುಪಡಿ ಕಳಿಸಿದವರಿಗೆ ಉತ್ತರವೇ ಇಲ್ಲದಿದ್ದರೆ ಅದು ಪ್ರೂಫ್ ಹಾಳೆಯನ್ನು ಗೋಡೆಗೆ ಅಂಟಿಸಿ ಅಂಗಡಿ ಬಾಗಿಲು ಹಾಕಿಕೊಂಡ ಹಾಗೆ. ಎಂಜಿನಿಯರಿಂಗ್ ಕಾಲೇಜುಗಳ ಗೆಳೆಯ ಗೆಳತಿಯರಿಗೂ ಒಂದು ಮಾತು. ಮಾರ್ಕ್ಸ್ ಕೊಡುವುದಾದರೆ ಪುಲ್ ರಿಕ್ವೆಸ್ಟ್ ಕಳಿಸಿದ್ದಕ್ಕೆ ಕೊಡಬೇಡಿ, ಬೇರೆಯವರದನ್ನು ಓದಿ ತಪ್ಪು ಹಿಡಿದದ್ದಕ್ಕೆ ಕೊಡಿ. 'ಸ್ವಾತಂತ್ರ್ಯ ಬದಲಾಗಬಾರದು' ಅಂತ ಟಿಪ್ಪಣಿ ಬರೆಯುವ ಹುಡುಗರು ಅಲ್ಲಿಂದ ಬರುತ್ತಾರೆ.

ಕೊನೆಯಿಂದ ಕತ್ತರಿಸಬೇಡಿ ಅಂದದ್ದು ಇದಕ್ಕೆ. ಬೆಂಗಳೂರಿನ ಓದುಗರ ಪತ್ರವನ್ನು ನಿಮ್ಮ ಜಾಲತಾಣದಲ್ಲೂ ಓದಿದೆ. ಎರಡನೆಯ ಪ್ಯಾರಾದಲ್ಲಿ 'ತಂತ್ರಜ್ಞರ ಸಾಮಥ್ರ್ಯ' ಅಂತ ಇದೆ. ಅಚ್ಚಿನ ಪತ್ರಿಕೆಯಲ್ಲಿ ಸರಿಯಾಗಿದೆ, ಹಾಗಾಗಿ ತಪ್ಪು ಅವರದ್ದಲ್ಲ. ನಿಮ್ಮಲ್ಲಿ ಇನ್ನೂ ಯಾರೋ ನನ್ನ ಪ್ರೋಗ್ರಾಮಿನ ಹಳೆಯ ಪ್ರತಿಯನ್ನೋ, ಅದೇ ಕಾಯಿಲೆಯ ಇನ್ನೊಂದನ್ನೋ ಬಳಸುತ್ತಿದ್ದಾರೆ. ಮೂಲ ಫೈಲಿನ ಆ ಒಂದು ಸಾಲು ಕಳಿಸಿಕೊಡಿ. ಭಾನುವಾರ ಬಿಡುವಾಗಿದ್ದೇನೆ, ನೋಡಿ ಹೇಳುತ್ತೇನೆ.

ನಿಮ್ಮ ಓದುಗರಲ್ಲೊಬ್ಬಳು,
ಪಾಲಿಟೆಕ್ನಿಕ್ ಉಪನ್ಯಾಸಕಿ, ಗದಗ